ತೂಕವಾದ ಮೇಲೆ ಒಂದು ಹಿಡಿ

ಇದನ್ನು ಬರೆಯುವ ಯೋಗ್ಯತೆ ನನಗಿಲ್ಲ. ಬರೆಯಬೇಕಾದವನು ನನ್ನ ಮೈದುನ. ಅವನು ಎಂ.ಎಸ್ಸಿ. ಓದಿದವನು. ನಾನು ಓದಿದ್ದು ಕೋಡಿಹಳ್ಳಿಯ ಚಾವಡಿಯಲ್ಲಿ ನಡೆಯುವ ಸಂಜೆ ಪಾಠದಲ್ಲಿ, ಎರಡು ವರ್ಷ ಎಂಟು ತಿಂಗಳು. ಒತ್ತಕ್ಷರದಲ್ಲಿ ಈಗಲೂ ತಪ್ಪುತ್ತೇನೆ. ಆದರೆ ಮೈದುನ ಬರೆದದ್ದು ಇಂಗ್ಲಿಷಿನಲ್ಲಿದೆ, ಅದರ ತುಂಬ ಅಂಕಿಗಳು. ಅಡಿಗೆಮನೆಯೊಳಗೆ ನಡೆದದ್ದನ್ನು ಕಂಡವರು ಅತ್ತೆ ಮತ್ತು ನಾನು, ಇಬ್ಬರೇ. ಅತ್ತೆಗೆ ಅಕ್ಷರ ಬರುವುದಿಲ್ಲ. ಬೇರೆ ಯಾರೂ ಬರೆಯುವವರಿಲ್ಲವೆಂದು ನಾನು ಬರೆದಿದ್ದೇನೆ. ಹೆಚ್ಚು ಕಡಿಮೆಯಾಗಿದ್ದರೆ ತಿಳಿದವರು ಬಯ್ಯದೆ ತಿದ್ದಿಕೊಳ್ಳಬೇಕು.

ನನ್ನ ಹೆಸರು ಸರಸಮ್ಮ. ತೌರು ಮಾಗಡಿ ತಾಲ್ಲೂಕಿನ ಕೆಂಪಾಪುರ. ಮಾವನವರು ರಾಮಲಿಂಗಯ್ಯ, ಅತ್ತೆ ಚಿಕ್ಕಲಕ್ಷ್ಮಮ್ಮ. ನಮ್ಮ ಯಜಮಾನರ ಹೆಸರು ಬರೆಯಲು ಕೈ ಏಳುವುದಿಲ್ಲ, ಆದರೆ ಬರೆಯದಿದ್ದರೆ ಓದುವವರಿಗೆ ಗೊಂದಲವಾಗುತ್ತದೆ ಎಂದು ಪಾಠದ ಮೇಷ್ಟ್ರು ಹೇಳಿದರು. ಕರಿಯಪ್ಪ. ಅವರ ತಮ್ಮ ಚೆಲುವಯ್ಯ, ಬೆಂಗಳೂರಿನಲ್ಲಿ ಓದುತ್ತಿದ್ದವನು. ನಡೆದದ್ದು ಮೂವತ್ತೇಳನೇ ಇಸವಿಯಲ್ಲಿ. ಆಗ ನನಗಿನ್ನೂ ಮಕ್ಕಳಿರಲಿಲ್ಲ. ಮನೆಯಲ್ಲಿ ಐದೇ ಜನ.

ಶಿವರಾತ್ರಿ ಕಳೆದ ಮೂರನೇ ದಿನ ಚೆಲುವಯ್ಯ ತಕ್ಕಡಿ ತೆಗೆದುಕೊಂಡು ಅಡಿಗೆಮನೆಯ ಹೊಸ್ತಿಲಿಗೆ ಬಂದು ಕುಳಿತ. ದಸರೆಯಿಂದ ಅವನು ಇದೇ ಕೆಲಸದಲ್ಲಿದ್ದ. ಎರಡೆರಡು ಮನೆಯಂತೆ ಹಿಡಿದು, ಒಂದೊಂದು ಮನೆಯಲ್ಲೂ ಹತ್ತು ದಿನ, ಹೊತ್ತು ಹೊತ್ತಿಗೆ ಹೋಗಿ, ಒಲೆಗೆ ಹೋಗುವ ಹಿಟ್ಟು, ಅಕ್ಕಿ, ಬೇಳೆ, ಸೊಪ್ಪು ಎಲ್ಲವನ್ನೂ ತೂಗಿ ಬರೆದುಕೊಳ್ಳುತ್ತಿದ್ದ. ಒಂಬತ್ತು ಮನೆ ಮುಗಿದಿತ್ತು. ಹತ್ತನೆಯದು ನಮ್ಮದು. ಇದಾದ ಮೇಲೆ ಪ್ರಬಂಧ ಬರೆದು ಯುಗಾದಿಗೆ ಮೊದಲು ಕಾಲೇಜಿಗೆ ಕೊಟ್ಟರೆ ಡಿಗ್ರಿ.

ಯುಗಾದಿಯ ಗಡುವು ಕಾಲೇಜಿನದು ಮಾತ್ರವಲ್ಲ, ಮನೆಯದೂ ಆಗಿತ್ತು. ಹಿಪ್ಪುನೇರಳೆ ತೋಟಕ್ಕೆ ಬಾವಿ ತೋಡಿಸಬೇಕೆಂದು ನಮ್ಮ ಯಜಮಾನರು ಎರಡು ಬೇಸಿಗೆಯಿಂದ ಹೇಳುತ್ತಿದ್ದರು. ಮಾವನವರಿಗೆ ಮಂಡಿ ನೋವು. ಆಳು ಇಟ್ಟರೂ ಮನೆಯದೊಂದು ಜೋಡಿ ಕೈ ಬೇಕಿತ್ತು. ಹಿಂದಿನ ದಿನ ಊಟಕ್ಕೆ ಕುಳಿತಾಗ ಈ ಮಾತು ಮತ್ತೆ ಬಂತು.

"ಅದೇನ್ಲಾ ನೀನು ಓದೋದು? ಡಾಕ್ಟ್ರಾ?" ಎಂದು ಮಾವ ಕೇಳಿದರು. ನೂರನೆಯ ಸಲ ಕೇಳಿದ್ದು.

"ಡಾಕ್ಟ್ರಲ್ಲ ಅಪ್ಪಯ್ಯ. ಆಸ್ಪತ್ರೇಲಿ ಯಾವ ರೋಗಿ ಏನು ಉಣ್ಬೇಕು, ಎಷ್ಟು ಉಣ್ಬೇಕು ಅಂತ ಗೊತ್ತು ಮಾಡೋದು. ಬೆಂಗ್ಳೂರಾಗೆ ಒಂದು ಆಸ್ಪತ್ರೇಲಿ ಜಾಗ ಐತೆ. ಡಿಗ್ರಿ ತಕ್ಕೊಂಡು ಬಾ ಅಂದವ್ರೆ."

"ಅಂದ್ರೆ ಅಡಿಗೆ ಭಟ್ಟ," ಎಂದರು ಯಜಮಾನರು.

"ಭಟ್ಟ ಅಲ್ಲ ಅಣ್ಣಯ್ಯ. ಭಟ್ಟನಿಗೆ ಹೇಳೋನು."

"ಡಾಕ್ಟ್ರೂ ಅಲ್ಲ, ಭಟ್ಟನೂ ಅಲ್ಲ. ಅತ್ಲಾಗೆ ಎತ್ತೂ ಅಲ್ಲ, ಇತ್ಲಾಗೆ ಕೋಣನೂ ಅಲ್ಲ. ಊರ ಹೆಂಗಸ್ರೆಲ್ಲ ನಗ್ತಾವ್ರೆ ಕಣ್ಲಾ, ಕರಿಯಪ್ಪನ ತಮ್ಮ ಗಂಡಸಾಗಿ ಒಲೆ ಮುಂದೆ ತಕ್ಕಡಿ ಇಟ್ಕೊಂಡು ಕೂತವ್ನೆ ಅಂತ."

"ನಗ್ಲಿ ಬುಡಣ್ಣ. ಇದೊಂದು ಮನೆ ಮುಗಿದ್ರೆ ಆಯ್ತು."

"ಯುಗಾದಿಗೆ ಮುಗೀತಾ, ನೀನುಂಟು ನಿನ್ ಆಸ್ಪತ್ರೆ ಉಂಟು. ಮುಗೀನಿಲ್ವಾ, ಗುದ್ಲಿ ಹಿಡ್ಕೊಂಡು ಬಾವಿಗಿಳೀಬೇಕು. ಆಮ್ಯಾಕೆ ಇನ್ನೊಂದು ವರ್ಸ, ಮತ್ತೊಂದು ವರ್ಸ ಅನ್ನಂಗಿಲ್ಲ. ಏನಪ್ಪಯ್ಯ?"

ಮಾವ ಸಾರು ಕಲಸುತ್ತ, "ಹೂಂ, ಅದು ನ್ಯಾಯ," ಎಂದರು. ಚೆಲುವಯ್ಯನೂ ಆಗಲಿ ಎಂದ.

ಮೊದಲ ದಿನ ಅತ್ತೆ ತಕ್ಕಡಿಯನ್ನು ಒಳಗೆ ಬಿಡಲಿಲ್ಲ. "ತೂಗಿದ್ ಕೂಳು ಮೈಗತ್ತಕ್ಕಿಲ್ಲ. ಹೊಸ್ತಿಲ ಮೇಲಿಟ್ಕೊ. ತೂಕ ಆಗುತ್ಲೂ ಎದ್ದು ಆಚೆ ನಡೀಬೇಕು. ಗಂಡ್ ಹೈಕ್ಳು ಕಣ್ ಬಿಟ್ಕೊಂಡು ಕೂತಿದ್ರೆ ನನಗೆ ಒಲೆ ಹತ್ತಕ್ಕಿಲ್ಲ," ಎಂದರು. ಅವನು ಒಪ್ಪಿದ. ಎಲ್ಲ ಮನೆಯಲ್ಲೂ ಇದೇ ಕರಾರು ಇತ್ತಂತೆ.

ಹತ್ತು ದಿನಕ್ಕಾಗುವಷ್ಟು ರಾಗಿಯನ್ನು ನಾವು ಮೊದಲೇ ಬೀಸಿ ಮಡಕೆಗೆ ತುಂಬಿದ್ದೆವು. ಅವನು ಆ ಮಡಕೆಯ ಹಿಟ್ಟನ್ನೂ ಮೊರ ಮೊರವಾಗಿ ತೂಗಿಕೊಂಡ. ಬೇರೆ ಮನೆಗಳಲ್ಲಿ ಹಿಟ್ಟಿನ ಮಡಕೆ ಮುಟ್ಟಲು ಬಿಟ್ಟಿರಲಿಲ್ಲ. ಇಲ್ಲಿ ಸ್ವಂತ ಮನೆಯೆಂದು ಅತ್ತೆ ಸುಮ್ಮನಿದ್ದರು. ಆಮೇಲೆ ನಾನು ಮುದ್ದೆಗೆ ಬೇಕಾದ ಹಿಟ್ಟನ್ನು ಮೊರದಲ್ಲಿ ತಂದು ಕೊಟ್ಟೆ. ಹಿತ್ತಾಳೆ ತಕ್ಕಡಿ. ತೂಕದ ಬೊಟ್ಟುಗಳ ಮೇಲೆ ಇಂಗ್ಲಿಷ್ ಅಂಕಿ. ನಾನು ಜೀವಮಾನದಲ್ಲಿ ಮೊದಲು ಕಲಿತ ಅಂಕಿಗಳು ಅವೇ: ಹದಿನಾರು, ಎಂಟು, ನಾಲ್ಕು, ಎರಡು, ಒಂದು. ಎಲ್ಲ ಔನ್ಸು. ಹದಿನಾರು ಔನ್ಸಿಗೆ ಒಂದು ಪೌಂಡು.

"ಹಿಂಗೆ ಇಡೀ ಮನೇದು ತೂಗ್ಬುಟ್ರೆ ಯಾರ್ಯಾರು ಎಷ್ಟು ಉಂಡ್ರು ಅಂತ ಹೆಂಗ್ಲಾ ಗೊತ್ತಾಯ್ತದೆ?" ಎಂದು ಅತ್ತೆ ಕೇಳಿದರು.

"ಅದಕ್ಕೊಂದು ಲೆಕ್ಕ ಐತವ್ವ. ಗಂಡಸು ಒಂದು ರೂಪಾಯಿ ಅಂತ ಇಟ್ಕೊ. ಹೆಂಗಸು ಹದ್ಮೂರಾಣೆ. ಆ ಪರಕಾರ ಹಂಚೋದು."

"ಯಾರ್ಲಾ ಹಂಗಂದೋರು?"

"ಪುಸ್ತಕದಾಗೈತೆ."

"ಹಂಗಾದ್ರೆ ನಾಳೆಯಿಂದ ನಾನು ಹದ್ಮೂರಾಣೆ ಸಗಣಿ ಬಾಚ್ತೀನಿ. ಮಿಕ್ಕ ಮೂರಾಣೇದು ಆ ಪುಸ್ತಕದೋನ್ನ ಕರ್ಸಿ ಬಾಚ್ಸು."

ಚೆಲುವಯ್ಯ ನಕ್ಕು, ತೂಕ ಬರೆದುಕೊಂಡು, ಎದ್ದು ಆಚೆ ಹೋದ.

ಅವನು ಹೋದ ಮೇಲೆ ನಾನು ಮಾಡಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊರದಿಂದ ಒಂದು ಹಿಡಿ ಹಿಟ್ಟು ತೆಗೆದು ಮಡಕೆಗೆ ವಾಪಸು ಹಾಕಿದೆ. ಉಳಿದದ್ದನ್ನು ಎಸರಿಗೆ ಸುರಿದೆ. ಇದನ್ನು ನಾನು ಯೋಚಿಸಿ ಮಾಡಲಿಲ್ಲ. ಅಳೆದದ್ದನ್ನೆಲ್ಲ ಒಲೆಗೆ ಹಾಕಬಾರದು, ಒಂದು ಹಿಡಿ ಮಡಕೆಗೆ ಹಿಂತಿರುಗಿದರೆ ಮಡಕೆ ಬರಿದಾಗುವುದಿಲ್ಲ ಎಂದು ಕೆಂಪಾಪುರದಲ್ಲಿ ನಮ್ಮವ್ವ ಹೇಳುತ್ತಿದ್ದಳು. ಇಲ್ಲಿ ಅತ್ತೆಯೂ ಹಾಗೇ ಹೇಳಿದ್ದರು. ಎಂಟು ವರ್ಷದವಳಿದ್ದಾಗಿನಿಂದ ಕೈ ಅದನ್ನೇ ಮಾಡಿಕೊಂಡು ಬಂದಿತ್ತು. ತೂಗಿದ ಹಿಟ್ಟು, ತೂಗದ ಹಿಟ್ಟು ಎಂದು ಕೈಗೆ ಬೇರೆ ಬೇರೆ ಇರಲಿಲ್ಲ.

ಐದು ದಿನ ಹೀಗೇ ನಡೆಯಿತು. ಹಗಲು ಒಂದು ಸಲ, ಸಂಜೆ ಒಂದು ಸಲ. ಗಂಡಸರು ಉಂಡು ಎದ್ದ ಮೇಲೆ ಅತ್ತೆ, ಅತ್ತೆಯ ಜೊತೆಗೆ ಅಥವಾ ಆಮೇಲೆ ನಾನು.

ಆರನೇ ದಿನ ಮಧ್ಯಾಹ್ನ ಗಂಡಸರು ಉಣ್ಣುತ್ತಿದ್ದರು. ನಾನು ಒಳಗೆ ಮುದ್ದೆ ಕಟ್ಟುತ್ತಿದ್ದೆ. ಮಾವನವರು ಒಂಬತ್ತು ಮನೆಯ ಸುದ್ದಿ ಕೇಳುತ್ತಿದ್ದರು. ಚೆಲುವಯ್ಯ ರೇಷ್ಮೆಗೂಡಿನ ವ್ಯಾಪಾರದ ಪೀರ್ ಸಾಬರ ಮನೆಯ ವಿಷಯ ಹೇಳಿದ. ಹಾಜಿರಮ್ಮ ಅವರ ಹೆಂಡತಿ.

"ಹಾಜಿರಮ್ಮನೋರ ಮನೇಲಿ ಒಂದು ಪದ್ಧತಿ ಐತಪ್ಪಯ್ಯ. ಅಕ್ಕಿ ಅಳೆದ ಮ್ಯಾಲೆ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕ್ತಾರೆ. ಅದು ಮಸೀದಿಗೆ. ಮೊದಲ ದಿನಾನೇ ಹೇಳ್ಬುಟ್ರು, 'ನೋಡಪ್ಪ, ಈ ಹಿಡಿ ನಂದಲ್ಲ, ಇದ ಬಿಟ್ಟು ಬರ್ಕೊ' ಅಂತ. ಇನ್ನೊಂದೆಲ್ಡು ದಿನ ಗೊತ್ತಾಗ್ದೆ ಹೋಗಿದ್ರೆ ಆ ಮನೆ ಲೆಕ್ಕಾನೇ ಸುಳ್ಳಾಗ್ತಿತ್ತು. ಎಲ್ಲ ಕಿತ್ತಾಕಿ ಮೊದ್ಲಿಂದ ತೂಗ್ಬೇಕಾಗಿತ್ತು."

"ಸಾಬರಲ್ಲಿ ಹಂಗೆ," ಎಂದರು ಮಾವ.

"ಹೂಂ, ಅವರಲ್ಲಿ ಮಾತ್ರ. ಅದಕ್ಕೇ ಅದೊಂದು ಮನೆಗೆ ಬೇರೆ ಬರ್ಕೊಂಡಿವ್ನಿ."

ನನ್ನ ಕೈಯಲ್ಲಿದ್ದ ಮುದ್ದೆ ಮರಿಗೆಯ ಮೇಲೆ ಬಿತ್ತು. ಅತ್ತೆ ತಿರುಗಿ ನೋಡಿದರು. ನಾನು, "ಬಿಸಿ ಐತೆ," ಎಂದೆ.

ಆವತ್ತು ಸಂಜೆ ಹಿಡಿ ತೆಗೆಯುವುದೋ ಬೇಡವೋ ಎಂದು ಮೊರ ಹಿಡಿದುಕೊಂಡು ನಿಂತೆ. ಹೇಳಿದರೆ ಆಗಲೇ ಮುಗಿದ ಐದು ದಿನ ಕೆಡುತ್ತದೆ. ಹೇಳದೆ ನಿಲ್ಲಿಸಿದರೆ ಐದು ದಿನ ಒಂದು ತರ, ಐದು ದಿನ ಇನ್ನೊಂದು ತರ ಆಗಿ ಇನ್ನೂ ಕೆಡುತ್ತದೆಯೇನೋ ಎನ್ನಿಸಿತು. ಕೊನೆಗೆ ತೆಗೆದೆ. ಮುಂಚೆ ಎಷ್ಟು ತೆಗೆಯುತ್ತಿದ್ದೆನೋ ಅಷ್ಟೇ ಇರಲಿ ಎಂದು ಬೆರಳು ಬಿಗಿಹಿಡಿದು ತೆಗೆದೆ. ಉಳಿದ ನಾಲ್ಕು ದಿನವೂ ಹಾಗೇ ಮಾಡಿದೆ. ಇದು ತಿಳಿವಳಿಕೆಯ ಕೆಲಸವಲ್ಲ ಎಂದು ಈಗ ಗೊತ್ತಾಗುತ್ತದೆ.

ಹತ್ತನೇ ದಿನ ಸಂಜೆ ಊಟವಾದ ಮೇಲೆ ಚೆಲುವಯ್ಯ ಮಡಕೆಯಲ್ಲಿ ಉಳಿದ ಹಿಟ್ಟನ್ನು ತೂಗಿದ. ತೂಗಿದವನು ಪುಸ್ತಕ ನೋಡಿದ. ತಟ್ಟೆ ಖಾಲಿ ಮಾಡಿ ಮತ್ತೊಮ್ಮೆ ತೂಗಿದ.

"ಉಳೀಬೇಕಾದ್ದಕ್ಕಿಂತ ಎರಡೂವರೆ ಪೌಂಡ್ ಹೆಚ್ಚೈತಲ್ಲ!"

"ಹೆಚ್ಚಾ?" ಎಂದರು ಅತ್ತೆ. "ಉಂಡ್ರೂ ಹೆಚ್ಚಾತಾ? ಲಕ್ಸ್ಮಿ ಬಂದವ್ಳೆ, ಕೈ ಮುಗಿ."

"ತಮಾಸೆಯಲ್ಲವ್ವ. ತಕ್ಕಡಿ ಕೆಟ್ಟೈತೆ. ತಕ್ಕಡಿ ಕೆಟ್ಟಿದ್ರೆ ಒಂಬತ್ತು ಮನೇನೂ ಕೆಟ್ಟಂಗೆ." ಅವನು ಎರಡು ಎಂಟರ ಬೊಟ್ಟು ಒಂದು ಕಡೆ, ಹದಿನಾರರ ಬೊಟ್ಟು ಇನ್ನೊಂದು ಕಡೆ ಇಟ್ಟ. ಸರಿಯಾಗಿಯೇ ನಿಂತಿತು. "ಬೆಳಿಗ್ಗೆ ಕನಕಪುರಕ್ಕೆ ಹೋಗ್ತೀನಿ. ಅಂಗಡಿ ಬೊಟ್ಟಿನ ಜೊತೆ ಇಟ್ಟು ನೋಡ್ಬೇಕು."

ಯಜಮಾನರು ಜಗಲಿಯಿಂದಲೇ ಕೂಗಿದರು. "ಸೆಟ್ಟಿ ಮಗ ಎರಡನೇ ಕ್ಲಾಸು ಓದಿ ಸರಿಯಾಗಿ ತೂಗ್ತಾನೆ. ನೀನು ಎಂಎಸ್ಸಿ ಓದಿ ತಕ್ಕಡಿ ಹಿಡಿಯಾಕೂ ಬರನಿಲ್ವಲ್ಲೋ!"

ಚೆಲುವಯ್ಯ ಬೊಟ್ಟುಗಳನ್ನು ಒಂದೊಂದಾಗಿ ಪಂಚೆಯ ಸೆರಗಿನಲ್ಲಿ ಒರೆಸುತ್ತ ಕುಳಿತ. ನಾನು ಹೊಸ್ತಿಲ ಒಳಗಿನಿಂದ, "ತಕ್ಕಡಿ ಸರಿ ಐತೆ ಕಣಪ್ಪ. ಹಿಡಿ ತೆಗೆದವಳು ನಾನು," ಎಂದೆ.

"ಏನತ್ಗೆ?"

"ಹೊತ್ತಿಗೊಂದು ಹಿಡಿ. ನೀನು ಆಚೆಗೆ ಹೋದ್ಮ್ಯಾಕೆ. ಮಡಕೆಗೆ ವಾಪಸು."

ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಇಪ್ಪತ್ತು ಹೊತ್ತು, ಹೊತ್ತಿಗೆ ಎರಡು ಔನ್ಸು. ಸರಿಹೋಯಿತು. ಅವನ ಮುಖದಲ್ಲಿ ಮೊದಲು ನೆಮ್ಮದಿ ಬಂತು. ಆಮೇಲೆ ಅದು ಹೋಯಿತು.

"ಯಾಕೆ ಹೇಳನಿಲ್ಲ?"

ಅತ್ತೆ ನನ್ನ ಮುಂದೆ ಬಂದು ನಿಂತರು. "ಏನು ಹೇಳೋದ್ಲಾ? ಕದ್ದವ್ಳಾ ಅವಳು? ನಾನು ಹೇಳಿಕೊಟ್ಟಿದ್ದು. ನನಗೆ ನಮ್ಮತ್ತೆ ಹೇಳಿಕೊಟ್ಟಿದ್ದು. ಊರಾಗಿರೋ ಹೆಂಗಸ್ರೆಲ್ಲ ಮಾಡ್ತಾರೆ. ಉಸ್ರು ಬುಡ್ತೀವಿ ಅಂತ ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ?"

"ಊರಾಗಿರೋ ಹೆಂಗಸ್ರೆಲ್ಲ," ಎಂದ ಚೆಲುವಯ್ಯ.

ಅವನು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋದ. ಒಂಬತ್ತು ಮನೆ. ಹಾಜಿರಮ್ಮನವರದು ಬಿಟ್ಟರೆ ಎಂಟು.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದ. "ನೂರಕ್ಕೆ ಐದರಷ್ಟು ಕಮ್ಮಿ. ಈ ಕಮ್ಮಿ ಆದ ಹಿಟ್ಟು ಯಾರ ಮುದ್ದೇಲಿ ಕಮ್ಮಿ ಆಯ್ತು?"

ಯಜಮಾನರು ಆ ವೇಳೆಗೆ ಒಳಗೆ ಬಂದಿದ್ದರು. ಮಾವನವರೂ ಇದ್ದರು. ಅವರಿಬ್ಬರ ಮುದ್ದೆ ಎಂದೂ ಕಡಿಮೆಯಾಗಿರಲಿಲ್ಲ ಎಂದು ಅವರಿಗೂ ಗೊತ್ತಿತ್ತು.

ಅತ್ತೆ ದೀಪದ ಬತ್ತಿ ಮುಂದಕ್ಕೆ ತಳ್ಳಿ, "ಕೊನೇಲಿ ಉಣ್ಣೋರ್ದು. ಇನ್ಯಾರ್ದು?" ಎಂದರು.

ಮರುದಿನದಿಂದ ಜಗಳ ಶುರುವಾಯಿತು. ಯುಗಾದಿಗೆ ಎರಡೂವರೆ ವಾರ ಉಳಿದಿತ್ತು. ಎಂಟು ಮನೆಯನ್ನು ಮತ್ತೆ ಹತ್ತು ಹತ್ತು ದಿನ ತೂಗಲು ಸಾಧ್ಯವಿರಲಿಲ್ಲ.

"ಬುಡ್ಲಾ ಅತ್ಲಾಗೆ," ಎಂದರು ಯಜಮಾನರು. "ಒಂದು ಹಿಡಿ ಹಿಟ್ಟು. ಬೆಂಗ್ಳೂರಾಗೆ ಕೂತೋನಿಗೆ ಏನು ಕಾಣ್ತದೆ? ಬರ್ದಂಗೇ ಕೊಟ್ಬುಡು. ಪಾಸಾಗು. ನನಗೂ ಒಂದು ಚಿಂತೆ ಕಳೀತದೆ."

"ಗೊತ್ತಿಲ್ದಿದ್ದಾಗ ಬರೆದ್ರೆ ತಪ್ಪು ಅಣ್ಣಯ್ಯ. ಗೊತ್ತಾದ್ಮೇಲೆ ಬರೆದ್ರೆ ಸುಳ್ಳು."

"ಸುಳ್ಳು! ಯಾರ ತಲೆ ಹೋಯ್ತದೆ ಇದರಿಂದ?"

"ನಾಳೆ ಆಸ್ಪತ್ರೇಲಿ ಇದೇ ಲೆಕ್ಕ ಹಿಡ್ಕೊಂಡು, ಹಳ್ಳಿ ಹೆಂಗಸು ಇಷ್ಟು ಉಣ್ತಾಳೆ, ಇವಳಿಗೆ ಇಷ್ಟು ಸಾಕು ಅಂತ ನಾನೇ ಬರೀಬೇಕಾಗ್ತದೆ."

ಮಾವನವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು, "ನಾನು ಚಾವಡೀಲಿ ಸಾಕ್ಷಿ ಹೇಳಿರೋನು. ಗೊತ್ತಿದ್ದೂ ಹೇಳ್ದಿದ್ರೆ ಅದೂ ಸುಳ್ಳು ಸಾಕ್ಷೀನೇ. ಹೋಗಿ ಕೇಳ್ಕೊಂಡು ಬಾ," ಎಂದರು.

ಚೆಲುವಯ್ಯ ಮೊದಲು ದೊಡ್ಡಮುನಿಯಪ್ಪನ ಮನೆಗೆ ಹೋದ. ಊರಿನಲ್ಲಿ ಅವರಿಗೇ ಎಲ್ಲರಿಗಿಂತ ಕಡಿಮೆ ಜಮೀನು. ದೊಡ್ಡಮುನಿಯಪ್ಪನ ಹೆಂಡತಿ ಮುದ್ದುಹುಚ್ಚಮ್ಮ ಬಾಗಿಲ ಮರೆಯಿಂದ, "ಹಿಡಿ ಗಿಡಿ ಏನೂ ಇಲ್ಲಪ್ಪ. ನಾವೇನು ಕಳ್ರಾ?" ಎಂದು ಕಳಿಸಿದಳು. ಎರಡನೇ ಮನೆಯಲ್ಲೂ ಹಾಗೇ ಆಯಿತು. ಮೂರನೇ ಮನೆಯಲ್ಲಿ ಗಂಡನೇ ಬಂದು, "ನಮ್ಮ ಹೆಂಗಸ್ರ ಕೈ ನೋಡಾಕೆ ಬಂದಿದ್ಯೇನ್ಲಾ?" ಎಂದು ಕೇಳಿದ. ಚೆಲುವಯ್ಯ ಹಿಂದಿರುಗಿ ಜಗಲಿಯ ಮೇಲೆ ಕುಳಿತ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

"ನಾನು ಹೋಗ್ಬರ್ಲಾ ಅತ್ತೆ?" ಎಂದೆ. ಕೇಳಿದ ಮೇಲೆ ನನಗೇ ಹೆದರಿಕೆಯಾಯಿತು.

"ಸೊಸೆಮಗಳು ತಕ್ಕಡಿ ಹೊತ್ಕೊಂಡು ಊರ ಮೇಲೆ ಹೋಗೋದಾ?" ಎಂದರು ಅತ್ತೆ. ಪಾತ್ರೆ ತೊಳೆದಿಟ್ಟು ಸೆರಗು ಸರಿಮಾಡಿಕೊಂಡರು. "ತತ್ತಾ ಇಲ್ಲಿ. ಒಂದು ಸೀರೇಲಿ ಸುತ್ಕೊ. ನಾನೂ ಬತ್ತೀನಿ."

ನಾಲ್ಕು ದಿನ ಹೋದೆವು. ಗಂಡಸರು ಹೊಲಕ್ಕೆ ಹೋಗಿರುವ ಹೊತ್ತು. ಅತ್ತೆ ಹೋದ ಕೂಡಲೇ ವಿಷಯಕ್ಕೆ ಬರುತ್ತಿರಲಿಲ್ಲ. ಕರುವಿನ ಸಮಾಚಾರ, ನೆಗಡಿ, ಹುಣಿಸೆಹಣ್ಣು, ಆಮೇಲೆ, "ಅಲ್ಲ ಕಣಮ್ಮಿ, ನೀನು ಹಿಟ್ಟು ಹಾಕೋವಾಗ ಎಷ್ಟು ತೆಗೀತೀಯಾ? ನಮ್ ಸರಸಿ ತೆಗೆದಿದ್ದು ಎರಡು ಔಂಸಂತೆ. ನಿಂದು ನೋಡವ," ಎನ್ನುತ್ತಿದ್ದರು. ಆಗ ನಾನು ಸೀರೆ ಬಿಚ್ಚಿ ತಕ್ಕಡಿ ಇಡುತ್ತಿದ್ದೆ. ಎರಡು ಮನೆ ದಾಟುವ ಹೊತ್ತಿಗೆ ನಾವು ಹೋಗುವ ಮುಂಚೆಯೇ ಸುದ್ದಿ ಹೋಗಿ, ಅಕ್ಕಪಕ್ಕದ ಹೆಂಗಸರೂ ಬಂದು ಸೇರಿರುತ್ತಿದ್ದರು.

"ನೋಡೇ, ಅವಳ ಹಿಡಿ ಹೆಂಗೈತೆ. ಕೊಡೋವಾಗ ಇಷ್ಟು ದೊಡ್ಡ ಹಿಡಿ ಕಂಡಿರನಿಲ್ಲ ನಾನು."

"ನಿಂದು ಬಿಡು, ಬೆರಳ ಸಂದೀಲೇ ಸೋರೋಯ್ತದೆ."

"ಈ ಸಲ ಗಟ್ಟಿ ಹಿಡ್ದವ್ಳೆ. ನಿಜವಾಗಿ ಹಿಂಗೆ ತೆಗೆದ್ರೆ ಗಂಡ ಓಡೋಗ್ತಾನೆ."

ನಾನು ಮೂರು ಮೂರು ಸಲ ಹಿಡಿಸಿ ತೂಗಿದೆ. ಆಗ ಬರೆಯಲು ಬರುತ್ತಿರಲಿಲ್ಲ. ಬೊಟ್ಟಿಗೊಂದು ಗೆರೆಯಂತೆ ಇದ್ದಿಲಿನಲ್ಲಿ ಹಲಗೆಯ ಮೇಲೆ ಎಳೆದುಕೊಂಡು ಬಂದು ಚೆಲುವಯ್ಯನಿಗೆ ಕೊಡುತ್ತಿದ್ದೆ. ಏಳು ಮನೆಯವರು ಒಪ್ಪಿಕೊಂಡರು. ಹೆಚ್ಚಿನವರದು ಒಂದೂವರೆಯಿಂದ ಎರಡೂವರೆ. ಹಾಜಿರಮ್ಮನವರ ಮನೆಗೆ ಹೋಗಬೇಕಾಗಿರಲಿಲ್ಲ, ಆದರೂ ದಾರಿಯಲ್ಲಿ ಕರೆದು ಕೂರಿಸಿಕೊಂಡರು. "ಯಾ ಅಲ್ಲಾ, ನಂದೊಂದೇ ಮನೆ ಅಂತ ಆ ಹುಡುಗ ಎಷ್ಟು ಆಶ್ಚರ್ಯಪಟ್ಟಿದ್ದ! ಅವನ ಅಮ್ಮನ ಮನೇಲೇ ಇತ್ತಾ?" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಮುದ್ದುಹುಚ್ಚಮ್ಮನ ಮನೆ ಕೊನೆಯದು. ಅವಳು ಬಾಗಿಲು ಮುಂದಕ್ಕೆ ಎಳೆದುಕೊಂಡು, "ತೆಗೀತೀನಿ ಕಣಕ್ಕ," ಎಂದಳು. "ಸಂಜೆ ತೆಗೀತೀನಿ. ಬೆಳಿಗ್ಗೆ ಅದನ್ನೇ ತಿರ್ಗ ಹಾಕ್ತೀನಿ. ಶಾಸ್ತ್ರ ಬಿಡಬಾರ್ದಲ್ಲ."

ಅದನ್ನು ಹಲಗೆಯ ಮೇಲೆ ಹೇಗೆ ಗೆರೆ ಎಳೆಯುವುದೆಂದು ನನಗೆ ತಿಳಿಯಲಿಲ್ಲ. ಖಾಲಿ ಬಿಟ್ಟೆ.

ಮನೆಗೆ ಬಂದು ತಕ್ಕಡಿ ಬಿಚ್ಚಿದಾಗ ಅತ್ತೆ ಯಾರೂ ಕೇಳದೆ ಹಿಟ್ಟಿನ ಮಡಕೆಗೆ ಕೈ ಹಾಕಿ ಒಂದು ಹಿಡಿ ತೆಗೆದು ತಟ್ಟೆಗೆ ಹಾಕಿದರು. ಮೂರು ಔನ್ಸಿಗೂ ಮೇಲಿತ್ತು. ಎಲ್ಲರಿಗಿಂತ ಹೆಚ್ಚು.

"ನನ್ ಕೈ ದೊಡ್ದು," ಎಂದರು. ಹಿಟ್ಟನ್ನು ಮತ್ತೆ ಮಡಕೆಗೆ ಸುರಿದು ಕೈ ತೊಳೆಯಲು ಹೋದರು. ನಾನು ಈ ಮನೆಗೆ ಬರುವ ಮೊದಲು ಇಪ್ಪತ್ತಾರು ವರ್ಷ ಅವರೇ ಮುದ್ದೆ ಮಾಡಿದವರು.

ಚೆಲುವಯ್ಯ ಇಷ್ಟನ್ನೂ ಕಳೆದು ಹೊಸದಾಗಿ ಲೆಕ್ಕ ಮಾಡಿ, ನಡೆದದ್ದನ್ನು ನಡೆದಂತೆ ಬರೆದು, ಪ್ರಬಂಧ ತೆಗೆದುಕೊಂಡು ಬೆಂಗಳೂರಿಗೆ ಹೋದ. ಹಿಂದಿರುಗಿದ್ದು ಯುಗಾದಿಯ ದಿನ. ಕನಕಪುರದಿಂದ ನಡೆದೇ ಬಂದಿದ್ದ. ಅತ್ತೆ ಬೇವು ಬೆಲ್ಲ ಕೊಟ್ಟರು. ಅವನು ಬಾಯಿಗೆ ಹಾಕಿಕೊಂಡು ಕುಳಿತ.

"ಕೊಟ್ಯಾ?" ಎಂದರು ಮಾವ.

"ತಗೊಳನಿಲ್ಲ."

ಆಮೇಲೊಂದು ದಿನ ತೂಗಿದ ಹಿಡಿ ತೂಕವೆನಿಸುವುದಿಲ್ಲ ಎಂದರಂತೆ ಪ್ರೊಫೆಸರು. ಆ ದಿನ ಎಷ್ಟು ತೆಗೆದರೋ ಅದು ಬೇಕು, ಬೇರೆ ದಿನ ತೋರಿಸಿದ್ದಲ್ಲ. ಬಯ್ಯಲಿಲ್ಲವಂತೆ, ಪ್ರಾಮಾಣಿಕತೆಯನ್ನು ಮೆಚ್ಚಿ ಮಾತಾಡಿದರಂತೆ. ಆದರೆ ಎಂಟು ಮನೆಗೆ ಅಡ್ಡಗೆರೆ ಎಳೆದರು. ಹಾಜಿರಮ್ಮನವರದು ಮತ್ತು ಮಡಕೆ ತೂಗಿದ್ದರಿಂದ ನಮ್ಮದು, ಎರಡೇ ಉಳಿದವು. ಎರಡು ಮನೆಗೆ ಡಿಗ್ರಿ ಇಲ್ಲ. ಮತ್ತೆ ಎಂಟು ಮನೆ ತೂಗಿ ಬರುವ ವರ್ಷ ಕೊಡಬೇಕು.

"ಆಸ್ಪತ್ರೆ ಜಾಗ?"

"ಕಾಯಕಿಲ್ಲ ಅಂದ್ರು."

ಯಜಮಾನರು ಕೈ ತೊಳೆದುಕೊಂಡು ಬಂದರು. "ನಾನು ಏನಂದಿದ್ದೆ? ಸುಮ್ಕೆ ಕೊಟ್ಟಿದ್ರೆ ಇವತ್ತು ಕೆಲ್ಸ ಕೈಲಿರ್ತಿತ್ತು. ಸತ್ಯ ಹೇಳ್ದ ಹರಿಶ್ಚಂದ್ರ ಸ್ಮಶಾನ ಕಾದ, ನೀನು ಬಾವಿ ತೋಡು. ಮಾತು ಮಾತೇ. ನಾಳಿದ್ದು ಒಳ್ಳೇ ದಿನ, ಗುದ್ಲಿ ಪೂಜೆ."

"ಸರಿ ಅಣ್ಣಯ್ಯ," ಎಂದ ಚೆಲುವಯ್ಯ. ತಕ್ಕಡಿಯನ್ನು ಅಟ್ಟಕ್ಕೆ ಹಾಕಲು ಎದ್ದ.

ಹೋಳಿಗೆ ಬೇಯಿಸುತ್ತಿದ್ದ ಅತ್ತೆ ಒಲೆಯ ಮುಂದಿನಿಂದ ಏಳದೆ ಮಾತಾಡಿದರು. "ಅವನು ಹೋಗ್ಲಿ ಬುಡು ಕರಿಯಪ್ಪ. ಇನ್ನೊಂದು ವರ್ಸ ಓದ್ಲಿ."

"ನೀನು ಸುಮ್ಕಿರವ್ವ. ಬಾವಿ ಯಾರು ತೋಡ್ತಾರೆ?"

"ತೋಡೋನು ನೀನು, ಆಳು. ಮಣ್ಣು ಹೊರಾಕಲ್ವಾ ಇನ್ನೊಬ್ರು ಬೇಕು ಅಂದಿದ್ದು? ನಾನು ಹೊರ್ತೀನಿ. ಸರಸಿ ಹೊರ್ತಾಳೆ. ಕೆಟ್ಟಿದ್ದು ಅವನ ಕೈಯಿಂದಲ್ಲ, ನಮ್ ಕೈಯಿಂದ."

ನನ್ನನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದ್ದರಿಂದ, "ಹೊರ್ತೀನಿ," ಎಂದೆ.

ಯಜಮಾನರು ಒಲೆಯ ಹತ್ತಿರಕ್ಕೆ ಬಂದರು. ಅವರು ಕೆಟ್ಟವರಲ್ಲ. ಲೆಕ್ಕಾಚಾರದ ಮನುಷ್ಯ. "ಮಂಕರಿ ಮಣ್ಣು ಹೊರೋದು ಮುಸುರೆ ತಿಕ್ಕಿದಂಗಲ್ಲ," ಎಂದರು. "ಹೊಟ್ಟೆಗಿಲ್ದೆ ಹೊತ್ರೆ ಮೂರನೇ ದಿನಕ್ಕೆ ಬಿದ್ದೋಯ್ತೀರಿ. ಹೊರೋದಾದ್ರೆ ನಮ್ ಜೊತೇಲೇ ಉಣ್ಬೇಕು. ನಮ್ಮಷ್ಟೇ ಉಣ್ಬೇಕು. ಒಪ್ತೀರಾ?"

"ಒಲೆ ಮುಂದೆ ಬಂದು ನ್ಯಾಯ ಹೇಳ್ಬ್ಯಾಡ, ಹೋಳಿಗೆ ಸೀಯ್ತದೆ. ಆಚೆಗೋಗು," ಎಂದರು ಅತ್ತೆ.

ಬಾವಿಗೆ ನಲವತ್ತೊಂದು ದಿನ ಹಿಡಿಯಿತು. ಚೆಲುವಯ್ಯನೂ ರಜೆ ಮುಗಿಯುವವರೆಗೆ ಅಗೆದ. ಮಧ್ಯಾಹ್ನದ ಮುದ್ದೆಯನ್ನು ಬೆಳಿಗ್ಗೆಯೇ ಕಟ್ಟಿ ಕುಕ್ಕೆಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದೆವು. ಅಲ್ಲಿ ಬಡಿಸುವವರು ಉಣ್ಣುವವರು ಎಂದು ಬೇರೆ ಇರಲಿಲ್ಲ. ಹೊಂಗೆ ಮರದ ಕೆಳಗೆ ಎಲ್ಲರೂ ಸುತ್ತ ಕುಳಿತು ಆಳಿಗೊಂದು ಮುದ್ದೆ ಎತ್ತಿಕೊಳ್ಳುವುದು. ಮೊದಲ ದಿನ ಅಷ್ಟು ದೊಡ್ಡ ಮುದ್ದೆ ನನಗೆ ಮುಗಿಯಲಿಲ್ಲ. ವಾರದೊಳಗೆ ಮುಗಿಯಿತು. ಚೆಲುವಯ್ಯ ಒಂದು ಸಲ ನನ್ನ ತಟ್ಟೆಯ ಕಡೆ, ಅತ್ತೆಯ ತಟ್ಟೆಯ ಕಡೆ ನೋಡಿದ್ದನ್ನು ಕಂಡೆ. ಅವನು ಬರೆದುಕೊಳ್ಳಲಿಲ್ಲ.

ಬಾವಿ ಮುಗಿದ ಮೇಲೆ ಮನೆಯಲ್ಲಿ ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬುದು ತಿರುಗಿ ಬಂತು. ನಮ್ಮಿಬ್ಬರ ಮುದ್ದೆಯ ಗಾತ್ರ ಮಾತ್ರ ಪೂರ್ತಿ ಮೊದಲಿನಂತಾಗಲಿಲ್ಲ.

ಮುಂದಿನ ದಸರೆಯಿಂದ ಚೆಲುವಯ್ಯ ಮತ್ತೆ ಎಂಟು ಮನೆ ತೂಗಿದ. ಈ ಸಲ ನಾನು ಜೊತೆಗೆ ಹೋಗುತ್ತಿದ್ದೆ. ಮೊದಲು ಹಿಡಿ, ಆಮೇಲೆ ತೂಕ. ಮೂವತ್ತೆಂಟರಲ್ಲಿ ಅವನಿಗೆ ಡಿಗ್ರಿ ಬಂತು. ಆ ಆಸ್ಪತ್ರೆಯ ಜಾಗ ಬೇರೆಯವರಿಗೆ ಹೋಗಿತ್ತು. ಒಂದೂವರೆ ವರ್ಷ ಕಾದ ಮೇಲೆ ಇನ್ನೊಂದು ಕಡೆ, ಕಡಿಮೆ ಸಂಬಳದ್ದು ಸಿಕ್ಕಿತು. ಈಗ ಅಲ್ಲೇ ಇದ್ದಾನೆ. ಊರಿಗೆ ಬಂದಾಗ ನಮ್ಮ ಯಜಮಾನರು, "ಬಂದ್ನಪ್ಪ ಭಟ್ಟನ ಗುರು," ಎನ್ನುತ್ತಾರೆ.

ಪ್ರಬಂಧದ ಒಂದು ಪ್ರತಿ ಮನೆಯಲ್ಲಿದೆ. ಅಂಕಿ ಓದಲು ನನಗೆ ಬರುತ್ತದೆ. ಹತ್ತು ಸಾಲುಗಳಿವೆ, ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿದೆ. ಅದರಲ್ಲಿ ನಮ್ಮ ಹಿಡಿಯ ವಿಷಯ ಇದೆಯೋ ಇಲ್ಲವೋ ತಿಳಿಯದು. ಅವನನ್ನು ಕೇಳಿಲ್ಲ. ಮುದ್ದುಹುಚ್ಚಮ್ಮನ ಸಾಲಿಗೆ ಏನು ಬರೆದ ಎಂದೂ ಕೇಳಿಲ್ಲ.

ಹಿಡಿ ತೆಗೆಯುವುದನ್ನು ಬಿಟ್ಟೆಯಾ ಎಂದು ಸಂಜೆ ಪಾಠದಲ್ಲಿ ಒಬ್ಬರು ಕೇಳಿದರು. ಬಿಟ್ಟಿದ್ದೇನೆ ಎಂದೆ. ಮನೆಗೆ ಬಂದ ಮೇಲೆ ಅದು ನಿಜವೇ ಎಂದು ಅನುಮಾನವಾಯಿತು. ನೋಡಿಕೊಂಡು ಮಾಡಿದ ದಿನ ತೆಗೆಯುವುದಿಲ್ಲ. ಕರು ಹಗ್ಗ ಕಿತ್ತುಕೊಂಡ ದಿನ, ಮಗು ಅತ್ತ ದಿನ, ಗಮನ ಬೇರೆ ಕಡೆ ಇದ್ದಾಗ ಕೈ ಏನು ಮಾಡುತ್ತದೋ ನನಗೆ ಗೊತ್ತಿಲ್ಲ. ಈ ವಾರ ಮಡಕೆ ಬಗ್ಗಿಸಿ ನೋಡಿದೆ. ಇನ್ನೂ ಹಿಟ್ಟಿತ್ತು. ಎಷ್ಟಿರಬೇಕಾಗಿತ್ತೋ, ಮೊದಲೇ ತೂಗಿಟ್ಟಿರಲಿಲ್ಲ.